ಪಾರ್ಕ್, ಕಿಮ್, ಲೀ: ಡಬಲ್ಸ್ ಕಲಿಯಲು ಯಾರ ಪಂದ್ಯ ನೋಡಬೇಕು?

ಮೂವರೂ ದಕ್ಷಿಣ ಕೊರಿಯಾದ ಬ್ಯಾಡ್ಮಿಂಟನ್ ಆಟಗಾರರು. ಪದಕದ ಲೆಕ್ಕ ನೋಡುವವರಿಗೆ ಪಾರ್ಕ್ ಜೂ-ಬಾಂಗ್ ಮತ್ತು ಕಿಮ್ ಡಾಂಗ್-ಮೂನ್. ಪಾರ್ಕ್‌ಗೆ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ಪುರುಷರ ಡಬಲ್ಸ್ ಚಿನ್ನ, ಜೊತೆಗೆ 5 ವಿಶ್ವ ಪ್ರಶಸ್ತಿ. ಕಿಮ್‌ಗೆ 1996ರಲ್ಲಿ ಮಿಶ್ರ ಡಬಲ್ಸ್ ಚಿನ್ನ (ಫೈನಲ್‌ನಲ್ಲಿ ಸೋತದ್ದು ಪಾರ್ಕ್ ಜೋಡಿಯೇ!), 2004ರಲ್ಲಿ ಪುರುಷರ ಡಬಲ್ಸ್ ಚಿನ್ನ. ಲೀ ಯಾಂಗ್-ಡೇ 19ನೇ ವಯಸ್ಸಿಗೇ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮಿಶ್ರ ಡಬಲ್ಸ್ ಚಿನ್ನ ಗೆದ್ದರು. ವಿಶ್ವ ಚಾಂಪಿಯನ್ ಪಟ್ಟ ಮಾತ್ರ ದಕ್ಕಲಿಲ್ಲ.

ಕಲಿಯುವವರಿಗೆ ಇದಕ್ಕಿಂತ ಮುಖ್ಯವಾದದ್ದು ಅಂಕದ ಪದ್ಧತಿ. ಪಾರ್ಕ್, ಕಿಮ್ ಕಾಲದಲ್ಲಿ ಸರ್ವ್ ಮಾಡಿದವರಿಗಷ್ಟೇ ಅಂಕ. ಅವರು ತಪ್ಪಿದರೆ ಹೋಗುತ್ತಿದ್ದುದು ಸರ್ವ್, ಅಂಕವಲ್ಲ. 2006ರಿಂದ ಪ್ರತಿ ರ‍್ಯಾಲಿಗೂ ಅಂಕ, 21ರ ಗೇಮ್. ಅಂದಿನ ಸಾಹಸ ಇಂದು ದುಬಾರಿ. ಹಾಗಾಗಿ ಈಗ ಪಂದ್ಯಾವಳಿ ಆಡುವವರು ಲೀಯನ್ನು ನೋಡಲಿ: ಸ್ಮ್ಯಾಶ್ ಬಂದರೆ ಷಟಲ್ ಎತ್ತಿಕೊಡದೆ ಚಪ್ಪಟೆಯಾಗಿ ಡ್ರೈವ್ ಮಾಡಿ, ಮರುಕ್ಷಣವೇ ಮುಂದೆ ನುಗ್ಗುವ ರಕ್ಷಣೆ. ನೆಟ್ ಬಳಿ ಕೈ ಚುರುಕಾಗಬೇಕೆಂದರೆ ಪಾರ್ಕ್. ಪುರುಷರ ಡಬಲ್ಸ್, ಮಿಶ್ರ ಎರಡನ್ನೂ ಆಡುವವರಿಗೆ ಕಿಮ್.

ಇವರ ಒಲಿಂಪಿಕ್ ಪಂದ್ಯಗಳ ಸರ್ವ್ ನಕಲು ಮಾಡಬೇಡಿ. ಆಗ ಷಟಲ್ ಅನ್ನು ಸೊಂಟಕ್ಕಿಂತ ಕೆಳಗೆ ಹೊಡೆಯಬೇಕೆಂಬ ಮಿತಿಯಿತ್ತು. ಈಗ ಅಂತರರಾಷ್ಟ್ರೀಯ ಟೂರ್ನಿಗಳಲ್ಲಿ ಆ ಮಿತಿ ನೆಲದಿಂದ 1.15 ಮೀಟರ್.