ಕೆಟಲ್ ಗ್ರಿಲ್‌ಗೆ ಹೈ-ಹೀಟ್ ಸ್ಪ್ರೇ ಪೇಂಟ್: ಎಲ್ಲಿ ಹಿಡಿಯುತ್ತೆ, ಎಲ್ಲಿ ಸುಲಿಯುತ್ತೆ

650 ಡಿಗ್ರಿ ಸೆಲ್ಸಿಯಸ್ ತಡೆಯುವ ಸ್ಪ್ರೇ ಡಬ್ಬಿ ಇದ್ದಿಲಿನ ಮೇಲೆ ಮುಚ್ಚಿ ಸುಡುವ ದುಂಡು ಒಲೆಯಾದ ಕೆಟಲ್‌ನ ಮುಚ್ಚಳಕ್ಕೆ ಧಾರಾಳ ಸಾಕು. ತೊಂದರೆ ಶಾಖದ್ದಲ್ಲ, ಹಿಡಿತದ್ದು. ಮುಚ್ಚಳದ ಮೇಲಿರುವುದು ಪಿಂಗಾಣಿ ಎನಾಮಲ್, ಅಂದರೆ ಒಂದು ಬಗೆಯ ಗಾಜು. ಮೊದಲು ಜಿಡ್ಡು ತೊಳೆದು, 220 ನಂಬರಿನ ಉಪ್ಪುಕಾಗದದಿಂದ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ, ಅಸಿಟೋನ್‌ನಿಂದ ಒರೆಸಿ. ಈ ಹಂತ ಬಿಟ್ಟವರ ಬಣ್ಣ ಹಾಳೆ ಹಾಳೆಯಾಗಿ ಏಳುತ್ತದೆ. ಆಮೇಲೆ ಡಬ್ಬಿಯನ್ನು ಬೈದು ಫಲವಿಲ್ಲ.

ತೆಳುವಾಗಿ ಮೂರು ಪದರ ಸಾಕು. ದಪ್ಪಗೆ ಹೊಡೆದರೆ ಒಳಗೆ ಉಳಿದ ದ್ರಾವಕ ಬಿಸಿಗೆ ಗುಳ್ಳೆಯೇಳುತ್ತದೆ. ಒಣಗಿದ ಬಣ್ಣ ಉಗುರಿಗೂ ಗೀಚಿಕೊಳ್ಳುವಷ್ಟು ಮೆತ್ತಗಿರುತ್ತದೆ, ಅದು ಗಟ್ಟಿಯಾಗುವುದು ಬೆಂಕಿಯಲ್ಲೇ: 120 ಡಿಗ್ರಿಯಲ್ಲಿ ಅರ್ಧ ಗಂಟೆ, ಆರಿಸಿ, ಮತ್ತೆ 200ಕ್ಕೆ, ಕೊನೆಗೆ 250ರ ಆಸುಪಾಸು. ಹೊಗೆ, ವಾಸನೆ ಬರುತ್ತದೆ. ಬಯಲಲ್ಲೇ ಮಾಡಿ, ಆಗ ಅಡುಗೆ ಬೇಡ. ಒಳಮೈಗಂತೂ ಬಣ್ಣ ಸೋಕಿಸಲೇಬಾರದು. ಅಲ್ಲಿ ಉದುರುವ ಕಪ್ಪು ಚಕ್ಕೆ ಸಾಮಾನ್ಯವಾಗಿ ಸುಟ್ಟ ಜಿಡ್ಡು, ಬಣ್ಣವಲ್ಲ.

ಥರ್ಮಾಮೀಟರ್‌ಗೆ ಮುಚ್ಚಳದಲ್ಲಿ ತೂತು ಕೊರೆಯುವಾಗ ಪಂಚ್ (ಗುರುತು ಮಾಡುವ ಚೂಪು ಉಕ್ಕಿನ ಕಡ್ಡಿ) ಇಟ್ಟು ಸುತ್ತಿಗೆಯಿಂದ ಹೊಡೆಯಬೇಡಿ, ಎನಾಮಲ್ ಸಿಡಿಯುತ್ತದೆ. ಎರಡೂ ಬದಿಗೆ ಟೇಪ್ ಅಂಟಿಸಿ, ನಿಧಾನ ವೇಗದಲ್ಲಿ ಕೊರೆದು, ಬಯಲಾದ ಉಕ್ಕಿನ ಅಂಚಿಗೆ ಹೊರಬದಿಯಿಂದಷ್ಟೇ ಇದೇ ಬಣ್ಣ ಮುಟ್ಟಿಸಿ. ಬೋಲ್ಟ್ ಸ್ಟೇನ್‌ಲೆಸ್ ಇರಲಿ, ಸತು ಲೇಪದ್ದು ಬೇಡ. ಮುಚ್ಚಳದ ಅಂಚಿನ ಗ್ಯಾಸ್ಕೆಟ್ ಪಟ್ಟಿ (ಸಂದಿಯಿಂದ ಗಾಳಿ, ಹೊಗೆ ಸೋರದಂತೆ ತಡೆಯುವಂಥದ್ದು) ನಿಧಾನದ ಅಡುಗೆಗೆ ನಿಜಕ್ಕೂ ಉಪಯುಕ್ತ. ಬರೀ ಜೋರು ಉರಿಯಲ್ಲಿ ಸುಡುವವರಿಗೆ ದಂಡ.