ಅರ್ಕೇಡಿಯಾದ ದುಂಡು ಕೊಟ್ಟಿಗೆ: ಅಟ್ಟ ಹತ್ತದೆ ವಾಪಸ್ ಬರಬೇಡಿ

ಡಲ್ಲಾಸ್‌ನಿಂದ ಮೂರೂವರೆ ಗಂಟೆ ಕಾರು ಓಡಿಸಿ ಒಂದು ದನದ ಕೊಟ್ಟಿಗೆ ನೋಡಿಕೊಂಡು ಬಂದೆವು ಅಂದರೆ ಊರಲ್ಲಿ ಅಮ್ಮ ನಗುತ್ತಾರೆ. ನಗಲಿ ಬಿಡಿ. ಒಕ್ಲಹೋಮಾ ಸಿಟಿ ಹತ್ತಿರ ಅರ್ಕೇಡಿಯಾ ಅನ್ನೋ ಪುಟ್ಟ ಊರು, ಹಳೆಯ ರೂಟ್ 66 ಹೆದ್ದಾರಿಯ ಪಕ್ಕದಲ್ಲೇ ಈ ಕೆಂಪು ಕೊಟ್ಟಿಗೆ. ನಾವು ಹರಟೆಯಲ್ಲಿ ತಿರುವು ತಪ್ಪಿಸಿಕೊಂಡು ಅರ್ಧ ಗಂಟೆ ಸುಮ್ನೆ ಸುತ್ತಿದೆವು.

ಎದುರಿಗೆ ನಿಂತು ಒಂದು ಸೆಲ್ಫಿ ತೆಗೆದುಕೊಂಡು ಹೊರಟುಬಿಡುವವರೇ ಜಾಸ್ತಿ. ಹಾಗೆ ಮಾಡಬೇಡಿ. ಕೆಳಗೆ ಸಣ್ಣ ಮ್ಯೂಸಿಯಂ, ಗಿಫ್ಟ್ ಅಂಗಡಿ ಇದೆ, ಅದು ಹತ್ತು ನಿಮಿಷದ ಕೆಲಸ. ನೋಡಬೇಕಾದದ್ದು ಅಟ್ಟ.

ಅಟ್ಟದ ಮಧ್ಯೆ ನಿಂತು ತಲೆ ಎತ್ತಿದರೆ, ದೊಡ್ಡ ಬಿದಿರು ಬುಟ್ಟಿ ಬೋರಲು ಹಾಕಿ ನಮ್ಮನ್ನು ಅದರೊಳಗೆ ಮುಚ್ಚಿಟ್ಟ ಹಾಗಿದೆ. 60 ಅಡಿ ಅಗಲ, ನಡುವೆ ಒಂದೂ ಕಂಬ ಇಲ್ಲ! 1898ರಲ್ಲಿ ವಿಲಿಯಂ ಓಡರ್ ಅನ್ನೋ ರೈತ ಕಟ್ಟಿಸಿದ್ದು. ಓಕ್ ಹಲಗೆಗಳನ್ನು ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಅಚ್ಚಿಗೆ ಹಾಕಿ ಬಾಗಿಸಿದ್ದಾರೆ. ಆ ಬಾಗಿದ ಪಕ್ಕೆಗಳೆಲ್ಲ ಮೇಲೆ ಹೋಗಿ ಒಂದೇ ಕಡೆ ಕೂಡುತ್ತವೆ. ನನ್ನ ಮಗಳು ಚಪ್ಪಾಳೆ ತಟ್ಟಿ ತಟ್ಟಿ ಸದ್ದು ಹೇಗೆ ಸುತ್ತುತ್ತೆ ಅಂತ ನೋಡುತ್ತಾ ಕೆಳಗಿಳಿಯಲು ಒಪ್ಪಲೇ ಇಲ್ಲ.

ನೆಲದ ಕಥೆ ಇನ್ನೂ ಚೆನ್ನಾಗಿದೆ. ಕಟ್ಟುವಾಗ ಕೆಲಸದ ಮೂವರು ಹುಡುಗರು, ಅಟ್ಟಕ್ಕೆ ಒರಟು ಹಲಗೆ ಬೇಡ, ಒಳ್ಳೆ ಗಟ್ಟಿ ಮರ ಹಾಕಿ, ಹೆಚ್ಚಿಗೆ ಬೀಳುವ ದುಡ್ಡು ನಾವೇ ಕೊಡುತ್ತೇವೆ ಅಂದರಂತೆ. ಯಾಕೆ? ಕುಣಿಯೋಕೆ! ಕೆಳಗೆ ದನ, ಮೇಲೆ ಡ್ಯಾನ್ಸು. ಈಗಲೂ ಅಲ್ಲಿ ಮದುವೆ, ಪಾರ್ಟಿ ನಡೆಯುತ್ತವೆ, ಹಾಗಾಗಿ ಮೊದಲೇ ಒಂದು ಫೋನ್ ಮಾಡಿ ಹೋಗುವುದು ಒಳ್ಳೆಯದು.

1988ರಲ್ಲಿ ಚಾವಣಿ ಪೂರ್ತಿ ಕುಸಿದಿತ್ತು ಅಂದರೆ ಈಗ ನಂಬೋದು ಕಷ್ಟ. ಲೂಥರ್ ರಾಬಿಸನ್ ಮತ್ತು ಅವರಂಥ ರಿಟೈರಾದ ಹಿರಿಯರು ಸೇರಿ, ಹಳೆ ರೀತಿಯಲ್ಲೇ ಮರ ಬಾಗಿಸಿ ಎತ್ತಿ ನಿಲ್ಲಿಸಿ, 1992ರಲ್ಲಿ ಮತ್ತೆ ಬಾಗಿಲು ತೆರೆದರು. ನಮ್ಮೂರ ತೊಟ್ಟಿಮನೆಗಳು ನೆನಪಾಗಿ ಸ್ವಲ್ಪ ಹೊಟ್ಟೆ ಉರಿಯಿತು.

ಟಿಕೆಟ್ ಇಲ್ಲ, ದೇಣಿಗೆ ಡಬ್ಬಿ ಇದೆ, ಕೈಬಿಚ್ಚಿ ಹಾಕಿ. ಜುಲೈನಲ್ಲಿ ಮಾತ್ರ ಹೋಗಬೇಡಿ, ಅಟ್ಟದಲ್ಲಿ ನಾವು ಬೆವೆತು ತೊಪ್ಪೆಯಾದೆವು. ಹಸು ಒಂದೂ ಇಲ್ಲ, ಮಕ್ಕಳಿಗೆ ಮೊದಲೇ ಹೇಳಿಬಿಡಿ. ನಮ್ಮ ಮಗಳನ್ನು ಸಮಾಧಾನ ಮಾಡಲು ಅದೇ ರಸ್ತೆಯಲ್ಲಿರುವ, 66 ಅಡಿ ಎತ್ತರದ ಬಾಟಲಿ ನಿಲ್ಲಿಸಿರುವ ಸೋಡಾ ಅಂಗಡಿಗೆ ಹೋಗಬೇಕಾಯಿತು.