ಸೋರುವ ದೋಣಿ, ಕೊಳೆತ ಸೂರಿನ ಹಲಗೆ: ಬಸವನಗುಡಿಯ ಹೆಂಚಿನ ಮನೆಗೆ ಮಾಡಿಸಿದ ದುರಸ್ತಿ

ಬಸವನಗುಡಿಯ ನಮ್ಮ ಹೆಂಚಿನ ಮನೆಯ ಮುಂಭಾಗದಲ್ಲಿ ಮಳೆನೀರಿನ ತಗಡಿನ ದೋಣಿ ಸೋರುತ್ತಿತ್ತು, ದೋಣಿಯನ್ನು ಹೊತ್ತಿದ್ದ ಫೇಸಿಯಾ (ಸೂರಿನ ಅಂಚಿಗೆ ಬಡಿದ) ಹಲಗೆ ಕೊಳೆತಿತ್ತು, ಹಲಗೆಯ ಹಿಂದಿನ ಎರಡು ಪಕಾಸಿಗಳ (ಮಾಡನ್ನು ಹೊರುವ ಓರೆ ಮರಗಳ) ತುದಿಯೂ ಮೆತ್ತಗಾಗಿತ್ತು. ಈ ಮೂರನ್ನೂ ಚಾಮರಾಜಪೇಟೆ ಕಡೆಯ ತಗಡಿನ ಕೆಲಸದ ಒಂದು ಸಣ್ಣ ಅಂಗಡಿಯವರಿಂದ, ಅವರೇ ಕರೆತಂದ ಬಡಗಿಯ ಜೊತೆಯಲ್ಲಿ, ಸರಿ ಮಾಡಿಸಿದೆವು. ಮೇ ತಿಂಗಳ ಗುಡುಗುಮಳೆಯಿಂದ ಹಿಡಿದು ಹಿಂಗಾರಿನ ಕೊನೆಯ ಸೋನೆಯವರೆಗೆ ಒಂದು ಪೂರ್ತಿ ಮಳೆಗಾಲ ಅವರ ಕೆಲಸದ ಮೇಲೆ ಹರಿದು ಹೋದ ನಂತರ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತಗಡಿನ ಕೆಲಸಕ್ಕೂ ಮರದ ಕೆಲಸಕ್ಕೂ ನನ್ನ ಪೂರ್ಣ ಮೆಚ್ಚುಗೆಯಿದೆ. ಬಣ್ಣದ ಕೆಲಸವನ್ನು ಮಾತ್ರ ಅವರಿಗೆ ಒಪ್ಪಿಸಬಾರದು.

1898ರ ಪ್ಲೇಗಿನ ಆಸುಪಾಸಿನಲ್ಲಿ ರೂಪುಗೊಂಡ ಬಸವನಗುಡಿ ಮತ್ತು ಮಲ್ಲೇಶ್ವರದಲ್ಲಿ ಮಂಗಳೂರು ಹೆಂಚಿನ ಮನೆಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಅವುಗಳ ಸೂರನ್ನು ಬಿಚ್ಚಿ ಜೋಡಿಸಬಲ್ಲವರು ಮಾತ್ರ ಸುಲಭವಾಗಿ ಸಿಗುವುದಿಲ್ಲ. ಇವರಿಗಿಂತ ಮುಂಚೆ ಬಂದಿದ್ದ ಗುತ್ತಿಗೆದಾರರೊಬ್ಬರು ದೋಣಿಯ ಕೀಲುಗಳಿಗೆ ಹುಳಿವಾಸನೆಯ ಅಗ್ಗದ ಸಿಲಿಕೋನ್ ಮೆತ್ತಿ, ಕೊಳೆತ ಹಲಗೆಯ ಮೇಲೆ ಪುಟ್ಟಿ ಹಚ್ಚಿ, ಅದರ ಮೇಲೆ ಬಣ್ಣ ಬಳಿದು ಹೋಗಿದ್ದರು. ಆ ಬಗೆಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಅದು ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡಿನ ಸತುವಿನ ಪದರವನ್ನೇ ತಿನ್ನುತ್ತದೆ. ಹೀಗಾಗಿ ಸೋರಿಕೆ ನಿಲ್ಲಿಸಲು ಹಚ್ಚಿದ ಜಾಗದಲ್ಲೇ ತುಕ್ಕು ಮೊದಲು ಕಾಣಿಸಿಕೊಂಡಿತು. ಪುಟ್ಟಿಯೂ ಬಣ್ಣವೂ ಹಲಗೆಯ ಒಳಗಿನ ತೇವವನ್ನು ಹೊರಗೆ ಬಿಡದೆ ಹಿಡಿದಿಟ್ಟಿದ್ದರಿಂದ ಕೊಳೆತ ಇನ್ನಷ್ಟು ಉದ್ದಕ್ಕೆ ಹಬ್ಬಿತು.

ಈ ಅಂಗಡಿಯ ಮೇಸ್ತ್ರಿ ಬಂದ ದಿನ ನೆಲದಲ್ಲಿ ನಿಂತು ದರ ಹೇಳಲಿಲ್ಲ. "ಅಮ್ಮಾ, ಅಂಚಿನ ಎರಡು ಸಾಲು ಹೆಂಚು ತೆಗೆದು ನೋಡ್ತೀನಿ, ಆಮೇಲೆ ರೇಟು ಮಾತಾಡೋಣ" ಎಂದು ಏಣಿ ಹತ್ತಿದರು. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆಗಲೇ. ಹೆಂಚು ತೆಗೆದಾಗ ಕಂಡದ್ದು ಇಷ್ಟು: ಕೊನೆಯ ಸಾಲಿನ ಹೆಂಚುಗಳು ಕಾಲಕ್ರಮದಲ್ಲಿ ಹಿಂದಕ್ಕೆ ಸರಿದು, ಅವುಗಳ ಅಂಚು ದೋಣಿಯ ಬಾಯಿಯವರೆಗೆ ಬರದೆ ಹಲಗೆಯ ನೆತ್ತಿಯ ಮೇಲೆಯೇ ನಿಂತಿತ್ತು. ಸಣ್ಣ ಮಳೆಯಲ್ಲಿ ನೀರು ಹೆಂಚಿನ ಅಂಚಿನಿಂದ ನೇರವಾಗಿ ಕೆಳಗೆ ಬೀಳುವುದಿಲ್ಲ. ಅಂಚನ್ನು ಸುತ್ತಿಕೊಂಡು ಹೆಂಚಿನ ತಳಕ್ಕೆ ಅಂಟಿ, ಹಿಂದಕ್ಕೆ ಹರಿದು ಹಲಗೆಯ ಬೆನ್ನಿಗೆ ಇಳಿಯುತ್ತದೆ. ಅಂದರೆ ದೋಣಿಯ ಕೀಲು ಸೋರದಿದ್ದರೂ ನಮ್ಮ ಹಲಗೆ ಕೊಳೆಯುತ್ತಲೇ ಇತ್ತು. ಕೊಳೆತ ಹಲಗೆಯಲ್ಲಿ ಕೊಕ್ಕೆಯ ಮೊಳೆಗಳು ಸಡಿಲವಾಗಿ ದೋಣಿ ಮುಂದಕ್ಕೆ ಬಾಗಿತ್ತು. ಬಾಗಿದ ದೋಣಿಯಲ್ಲಿ ನೀರು ನಿಂತು, ಆ ಭಾರಕ್ಕೆ ಕೀಲು ಬಿಟ್ಟಿತ್ತು. ದೋಣಿಯನ್ನು ಒಬ್ಬರಿಗೆ, ಹಲಗೆಯನ್ನು ಇನ್ನೊಬ್ಬರಿಗೆ, ಬೇರೆ ಬೇರೆ ಕಾಲದಲ್ಲಿ ಒಪ್ಪಿಸುವ ನಮ್ಮ ಊರಿನ ವಾಡಿಕೆಯನ್ನು ಬಿಡಬೇಕೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಇವೆರಡೂ ಒಂದೇ ಕೆಲಸ, ಒಂದೇ ಸಲಕ್ಕೆ ಬಿಚ್ಚಿ ಜೋಡಿಸಬೇಕಾದ ಕೆಲಸ.

ಮರದ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮರದೊಳಗಿನ ತೇವಾಂಶ ಸುಮಾರು ಶೇ. 20ನ್ನು ಮೀರಿ ಬಹುಕಾಲ ನಿಂತರೆ ಕೊಳೆಸುವ ಶಿಲೀಂಧ್ರ ನೆಲೆಯೂರುತ್ತದೆ. ಅದಕ್ಕಿಂತ ಒಣಗಿದ ಮರದಲ್ಲಿ ಅದು ಬೆಳೆಯಲಾರದು. ಆದ್ದರಿಂದ ಔಷಧಿ ಬಳಿಯುವುದಕ್ಕಿಂತ ನೀರು ಬರುವ ದಾರಿಯನ್ನು ಮುಚ್ಚುವುದೇ ಮುಖ್ಯ. ಬಡಗಿಯವರು ಸ್ಕ್ರೂಡ್ರೈವರಿನ ಮೊನೆಯಿಂದ ಹಲಗೆಯನ್ನು ಗೇಣು ಗೇಣಿಗೆ ಚುಚ್ಚಿ ನೋಡಿ, ಮೊನೆ ಇಳಿಯದ ಗಟ್ಟಿ ಭಾಗ ಸಿಕ್ಕ ಮೇಲೂ ಇನ್ನೂ ಒಂದು ಅಡಿ ಮುಂದಕ್ಕೆ ಹೋಗಿ ಕತ್ತರಿಸಿದರು. ಪಕಾಸಿಗಳ ಕೊಳೆತ ತುದಿಯನ್ನು ಕತ್ತರಿಸಿ ತೆಗೆದು, ಉಳಿದ ಗಟ್ಟಿ ಭಾಗದ ಪಕ್ಕಕ್ಕೆ ಅದೇ ಅಳತೆಯ ಹೊಸ ತುಂಡನ್ನು ಉದ್ದಕ್ಕೆ ಜೋಡಿಸಿ ಬೋಲ್ಟು ಹಾಕಿದರು. ಇಡೀ ಪಕಾಸಿಯನ್ನು ಬದಲಿಸಲು ಹೋಗಿದ್ದರೆ ಮಾಡಿನ ಅರ್ಧ ಹೆಂಚನ್ನು ಇಳಿಸಬೇಕಾಗುತ್ತಿತ್ತು.

ಹೊಸ ಹಲಗೆಗೆ ಫೈಬರ್ ಸಿಮೆಂಟ್ ಪಟ್ಟಿಯನ್ನು ಹಾಕಬಹುದೆಂದು ಅವರೇ ಸೂಚಿಸಿದ್ದರು. ಅದಕ್ಕೆ ಗೆದ್ದಲಿನ ಭಯವಿಲ್ಲ, ಕೊಳೆಯುವ ಭಯವೂ ಇಲ್ಲ, ಸಾದಾ ಸೂರಿಗೆ ಅದು ಒಳ್ಳೆಯ ಆಯ್ಕೆ ಎಂದು ನಾನೂ ಒಪ್ಪುತ್ತೇನೆ. ಆದರೆ ನಮ್ಮ ಹಲಗೆಯ ಕೆಳಅಂಚಿನಲ್ಲಿ ಹಳೆಯ ಕಾಲದ ಕೊರೆದ ಕುಸುರಿಯಿದೆ, ಅದನ್ನು ಮರದಲ್ಲಿಯೇ ಉಳಿಸಿಕೊಳ್ಳುವ ಆಸೆ ನಮ್ಮದು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಿಂದ ಬಡಗಿಯವರೇ ಹೊನ್ನೆಯ ಹಲಗೆಯನ್ನು ಆರಿಸಿ ತಂದರು. ಹೊರಮೈಯ ಬಿಳಿಯ ಭಾಗ ಒಂದಿಷ್ಟೂ ಸೇರದಂತೆ ಕೆಚ್ಚಿನ ಮರವನ್ನೇ ನೋಡಿ ತಂದದ್ದು ಅವರ ಪರಿಣತಿ. ಹಲಗೆಯನ್ನು ಮೇಲೇರಿಸುವ ಮುನ್ನ ನೆಲದಲ್ಲಿಯೇ ಅದರ ಆರೂ ಮುಖಗಳಿಗೆ ಪ್ರೈಮರ್ ಬಳಿದು, ಕತ್ತರಿಸಿದ ತುದಿಗಳಿಗೆ ಎರಡು ಸಲ ಹೆಚ್ಚು ಬಳಿದರು. ಮರ ನೀರನ್ನು ಅತಿ ಬೇಗ ಕುಡಿಯುವುದು ಕತ್ತರಿಸಿದ ತುದಿಯಿಂದಲೇ. ಏರಿಸಿ ಮೊಳೆ ಹೊಡೆದ ಮೇಲೆ ಕಾಣುವ ಮುಖಕ್ಕೆ ಮಾತ್ರ ಬಣ್ಣ ಹಚ್ಚುವವರು ಹಲಗೆಯ ಬೆನ್ನನ್ನು ಬೆತ್ತಲೆಯಾಗಿಯೇ ಬಿಡುತ್ತಾರೆ.

ದೋಣಿಗೆ ಪಿವಿಸಿ, ಅಲ್ಯುಮಿನಿಯಂ, ಜಿಐ ಮೂರೂ ನಮ್ಮ ಮುಂದಿದ್ದವು. ಪಿವಿಸಿ ಹಗುರ, ತುಕ್ಕು ಹಿಡಿಯುವುದಿಲ್ಲ, ಆದರೆ ಬಿಸಿಲಿಗೆ ಬಹಳ ಹಿಗ್ಗುತ್ತದೆ: 4 ಮೀಟರ್ ಉದ್ದದ ತುಂಡು 25 ಡಿಗ್ರಿ ಉಷ್ಣತೆಯ ಏರಿಳಿತಕ್ಕೆ ಸುಮಾರು 6ರಿಂದ 7 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಆ ಚಲನೆಗೆ ಜಾಗ ಬಿಡದೆ ಅಂಟು ಹಾಕಿ ಬಿಗಿದರೆ ಕೀಲು ಬಿರಿಯುವುದು ಖಂಡಿತ. ನಾವು 0.8 ಮಿ.ಮೀ. ದಪ್ಪದ ಜಿಐ ತಗಡನ್ನು ಒಪ್ಪಿದೆವು. ಅಂಗಡಿಯಲ್ಲಿಯೇ ಉದ್ದುದ್ದ ತುಂಡುಗಳಾಗಿ ಮಡಿಸಿ ತಂದಿದ್ದರಿಂದ ಕೀಲುಗಳ ಸಂಖ್ಯೆ ಕಡಿಮೆಯಾಯಿತು. ಪ್ರತಿ ಕೀಲನ್ನೂ ನೀರು ಹರಿಯುವ ದಿಕ್ಕಿಗೆ ಒಂದರ ಮೇಲೊಂದು ಬರುವಂತೆ ಹೊಂದಿಸಿ, ರಿವೆಟ್ ಹೊಡೆದು, ಬೆಸುಗೆ ಹಾಕಿದರು. ಬೆಸುಗೆಗೆ ಬಳಸಿದ ಆಮ್ಲದ ಅಂಶ ಉಳಿದರೆ ಮತ್ತೆ ತುಕ್ಕಿಗೆ ದಾರಿಯಾಗುವುದರಿಂದ ಅದನ್ನು ನೀರಿನಿಂದ ತೊಳೆದು ಒರೆಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇಳಿಕೊಳವೆಯ ಲೆಕ್ಕವನ್ನು ಅವರು ಹಾಕಿದ ರೀತಿಯೂ ಮೆಚ್ಚಬೇಕಾದದ್ದು. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಸುಮಾರು 40 ಚದರ ಮೀಟರ್ ಮಾಡಿನ ಮೇಲೆ ಗಂಟೆಗೆ 60 ಮಿ.ಮೀ. ವೇಗದ ಮಳೆ ಸುರಿದರೆ ನಿಮಿಷಕ್ಕೆ 40 ಲೀಟರ್ ಕೆಳಗಿಳಿಯಬೇಕು. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿ.ಮೀ. ಮಳೆಯಾಗಿ ಜೂನ್ ತಿಂಗಳ ಹಿಂದಿನ ದಾಖಲೆಗಳೆಲ್ಲ ಮುರಿದದ್ದು ಓದುಗರಿಗೆ ನೆನಪಿರಬಹುದು. ಅಂಥ ದಿನ ಇಷ್ಟೇ ಮಾಡಿನಿಂದ 4,400 ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. ನಮಗೆ ಮೊದಲು ಇದ್ದದ್ದು ಒಂದೇ ತುದಿಯಲ್ಲಿ ಒಂದು ಸಣ್ಣ ಕೊಳವೆ. ಈಗ ಎರಡು ತುದಿಗಳಿಗೂ ದಪ್ಪ ಕೊಳವೆಗಳಿವೆ, ದೋಣಿಯ ನಡುಭಾಗವನ್ನು ಎತ್ತರದಲ್ಲಿಟ್ಟು ಎರಡೂ ಕಡೆಗೆ 10 ಅಡಿಗೆ ಅರ್ಧ ಅಂಗುಲದ ಇಳಿಜಾರು ಕೊಟ್ಟಿದ್ದಾರೆ. ಕೊನೆಯ ಸಾಲಿನ ಹೆಂಚನ್ನು ಮುಂದಕ್ಕೆ ತಂದು ಅಂಚು ದೋಣಿಯ ಒಳಗೆ ಎರಡು ಅಂಗುಲ ಚಾಚುವಂತೆ ಮಾಡಿದ್ದಾರೆ. ಹೆಂಚಿನ ಕೆಳಗಿನಿಂದ ದೋಣಿಯೊಳಕ್ಕೆ ಇಳಿಯುವ ತಗಡಿನ ಪಟ್ಟಿಯೊಂದನ್ನೂ ಸೇರಿಸಿದ್ದಾರೆ. ಈ ಮಳೆಗಾಲದಲ್ಲಿ ಹಲಗೆಯ ಬೆನ್ನು ಒಣಗಿಯೇ ಉಳಿಯಿತು. ಇಡೀ ದುರಸ್ತಿಯಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಸಂಗತಿ ಅದು.

ಸುರಕ್ಷತೆಯ ವಿಷಯದಲ್ಲಿ ಅರ್ಧ ಮೆಚ್ಚುಗೆ. ಸೂರಿನ ಪಕ್ಕದಲ್ಲೇ ಕಂಬದಿಂದ ಮನೆಗೆ ಬರುವ ಬೆಸ್ಕಾಂ ಸರ್ವಿಸ್ ತಂತಿ ಹಾದು ಹೋಗುತ್ತದೆ. ಮನೆಯ ಮೇನ್ ಸ್ವಿಚ್ ಆರಿಸಿದರೂ ಆ ತಂತಿಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಕಂಬದಲ್ಲಿಯೇ ಸಂಪರ್ಕ ತೆಗೆಸಿದ ಮೇಲಷ್ಟೇ ಉದ್ದ ತಗಡನ್ನು ಮೇಲೆತ್ತುವುದಾಗಿ ಮೇಸ್ತ್ರಿ ಹಠ ಹಿಡಿದರು, ಲೈನ್‌ಮನ್ ಬರುವವರೆಗೆ ಕಾದರು. ಆದರೆ ಸೂರಿನ ಕೆಲಸಕ್ಕೆ ಕಟ್ಟಿದ್ದ ಸಾರುವೆಯ (ಅಟ್ಟಣೆಯ) ಮೇಲೆ ಅವರ ಹುಡುಗರು ಸೊಂಟಕ್ಕೆ ಪಟ್ಟಿಯಿಲ್ಲದೆ ನಡೆದಾಡಿದರು. ನಾನು ಒತ್ತಾಯಿಸಿದ ಮೇಲೆ ಹಗ್ಗ ಬಂತು. ಕೆಲಸ ಒಪ್ಪಿಸುವವರು ಇದನ್ನು ಮೊದಲ ಮಾತಿನಲ್ಲಿಯೇ ಷರತ್ತಾಗಿ ಹೇಳಬೇಕು.

ಇನ್ನು ಬಣ್ಣ. ಹೊಸ ಜಿಐ ತಗಡಿನ ಮೇಲೆ ಸಾಮಾನ್ಯ ಎನಾಮೆಲ್ ಹಿಡಿಯುವುದಿಲ್ಲ. ಅದರಲ್ಲಿರುವ ಎಣ್ಣೆಯ ಅಂಶವು ಸತುವಿನೊಂದಿಗೆ ವರ್ತಿಸಿ ಸಾಬೂನಿನಂಥ ಪದರವಾಗಿ, ಬಣ್ಣ ಸಿಪ್ಪೆಯಾಗಿ ಏಳುತ್ತದೆ. ಸತುವಿಗೆಂದೇ ಇರುವ ಎಚ್ (etch) ಪ್ರೈಮರ್ ಮೊದಲು ಬೇಕು. ಇವರು ಮಾಮೂಲಿ ರೆಡ್ ಆಕ್ಸೈಡ್ ಹಚ್ಚಿ ಅದರ ಮೇಲೆ ಎನಾಮೆಲ್ ಬಳಿದರು, ಮಳೆಗಾಲ ಮುಗಿಯುವ ಹೊತ್ತಿಗೆ ದೋಣಿಯ ಮಡಿಕೆಗಳಲ್ಲಿ ಬಣ್ಣ ಏಳತೊಡಗಿದೆ. ಎಲೆ ತಡೆಯಲೆಂದು ಅವರು ಹಾಕಿಕೊಟ್ಟ ಜಾಲರಿಯೂ ನಮ್ಮ ಬೀದಿಗೆ ಹೊಂದುವಂಥದ್ದಲ್ಲ. ಹೊಂಗೆಯ ಎಲೆಯನ್ನು ಅದು ತಡೆಯುತ್ತದೆ, ಗುಲ್‌ಮೊಹರಿನ ಸಣ್ಣ ಎಲೆಗಳು ಮಾತ್ರ ಅದರ ಕಣ್ಣುಗಳಲ್ಲಿ ನುಸುಳಿ ಒಳಗೆ ಕೆಸರಿನಂತೆ ಮೆತ್ತಿಕೊಳ್ಳುತ್ತವೆ, ಜಾಲರಿ ಇರುವುದರಿಂದ ಅದನ್ನು ಕೈಹಾಕಿ ತೆಗೆಯುವುದೂ ಕಷ್ಟ. ನಾವು ಜಾಲರಿಯನ್ನು ತೆಗೆಸಿ, ಕೊಳವೆಯ ಬಾಯಿಗೆ ಮಾತ್ರ ತಂತಿಯ ಬುಟ್ಟಿ ಇರಿಸಿದ್ದೇವೆ.

ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಕೂಲಿಗೆ ಮತ್ತು ಸಾರುವೆಗೆ. ಆದ್ದರಿಂದ ತಗಡಿನ ದಪ್ಪದಲ್ಲಿಯೋ ಮರದ ಗುಣದಲ್ಲಿಯೋ ಉಳಿಸಲು ಹೋಗುವುದರಲ್ಲಿ ಅರ್ಥವಿಲ್ಲ. ಬೆಂಗಳೂರು ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯ ನಂತರ ದೊಡ್ಡ ನಿವೇಶನಗಳ ಹಳೆಯ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಗಿರುವುದರಿಂದ, ಸಾರುವೆ ಕಟ್ಟಿರುವಾಗಲೇ ಇಳಿಕೊಳವೆಗೆ ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡುವ ಕವಲನ್ನೂ ಸೇರಿಸಿಕೊಳ್ಳುವುದು ಜಾಣತನ. ಜಲಮಂಡಳಿಯ ಜಯನಗರದ ಮಳೆನೀರು ಕೊಯ್ಲಿನ ಉದ್ಯಾನದಲ್ಲಿ ಇಂಥ ಜೋಡಣೆಗಳ ಮಾದರಿಗಳನ್ನು ನೋಡಬಹುದು. ಕೆಲಸಕ್ಕೆ ಜನವರಿಯಿಂದ ಮಾರ್ಚ್‌ವರೆಗಿನ ಕಾಲ ಸೂಕ್ತ: ಮರ ಒಣಗಿರುತ್ತದೆ, ಯುಗಾದಿಯ ನಂತರದ ಮಳೆ ಇನ್ನೂ ದೂರವಿರುತ್ತದೆ.

ಮನೆಯ ಹಿಂಭಾಗದ ಸೂರನ್ನು ಮುಂದಿನ ಜನವರಿಯಲ್ಲಿ ಇವರಿಗೇ ಒಪ್ಪಿಸಲಿದ್ದೇವೆ. ಹಗ್ಗ, ಸೊಂಟಪಟ್ಟಿಯ ಷರತ್ತನ್ನು ಬರೆದುಕೊಟ್ಟು, ಬಣ್ಣವನ್ನು ಬೇರೆಯವರಿಂದ ಮಾಡಿಸುತ್ತೇವೆ.